ಸುಂಕಮ್ಮನ ಸೊಂಟ

ಸಾರಿನ ಡಬರಿಯನ್ನು ಒಲೆಯಿಂದ ಇಳಿಸಿ ನೆಲಕ್ಕಿಟ್ಟ ಮೇಲೆ ಸುಂಕಮ್ಮನಿಗೆ ನೆಟ್ಟಗಾಗಲು ಬರಲಿಲ್ಲ. ನವೆಂಬರ್ ತಿಂಗಳ ಒಂದು ಗುರುವಾರ, ಹನ್ನೆರಡೂವರೆ ಗಂಟೆ. ಹೊರಗೆ ಶಾಲೆಯ ಇನ್ನೂರ ನಲವತ್ತು ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು. ಒಳಗೆ ಬಿಸಿಯೂಟದ ಮುಖ್ಯ ಅಡುಗೆಯವಳು ಡಬರಿಯ ಎರಡೂ ಹಿಡಿಕೆ ಹಿಡಿದುಕೊಂಡು, ಬಗ್ಗಿದವಳು ಬಗ್ಗಿದಂತೆಯೇ ನಿಂತುಬಿಟ್ಟಿದ್ದಳು. ಸೊಂಟದಲ್ಲಿ ಯಾರೋ ಕಾದ ಸಲಾಕೆ ತೂರಿಸಿ ಅಲ್ಲಿಯೇ ಬಿಟ್ಟ ಹಾಗಿತ್ತು.

"ಅಕ್ಕಾ, ಏನಾತು?" ಸಹಾಯಕಿ ಲಲಿತಾ ಓಡಿ ಬಂದು ರಟ್ಟೆ ಹಿಡಿದಳು.

"ಮುಟ್ಟಬ್ಯಾಡ. ಮೊದ್ಲು ಮಕ್ಕಳಿಗೆ ನೀಡು ಹೋಗು, ಸಾರು ಆರತೈತಿ."

ಲಲಿತಾ ಬಡಿಸಿ ಬರುವಷ್ಟರಲ್ಲಿ ಸುಂಕಮ್ಮ ಗೋಡೆ ಹಿಡಿದು, ಮೊಣಕಾಲೂರಿ, ಹೇಗೋ ಅಕ್ಕಿ ಚೀಲಗಳ ಮೇಲೆ ಮಗ್ಗುಲಾಗಿ ಒರಗಿದ್ದಳು. ಕಣ್ಣಲ್ಲಿ ನೀರಿತ್ತು. ಕೇಳಿದರೆ ಒಗ್ಗರಣೆಯ ಘಾಟು ಅಂದಳು.

ಅವಳ ಗಂಡ ಹೊನ್ನೂರುಸ್ವಾಮಿ ಚಿತ್ತವಾಡ್ಗಿಯಿಂದ ಹೊಸಪೇಟೆ ಬಸ್‌ ನಿಲ್ದಾಣಕ್ಕೆ ಆಟೋ ಓಡಿಸುತ್ತಿದ್ದ. ಫೋನು ಬಂದದ್ದೇ ಪ್ಯಾಸೆಂಜರುಗಳನ್ನು ನಡುದಾರಿಯಲ್ಲೇ ಇಳಿಸಿ ಬಂದ. ಅವನು ಸುಂಕಮ್ಮನ ತಾಯಿಯ ಖಾಸಾ ತಮ್ಮ. ಮದುವೆಗೆ ಮುಂಚೆಯೂ ಅವಳು ಅವನನ್ನು ಮಾವ ಎನ್ನುತ್ತಿದ್ದಳು, ಮದುವೆಯಾಗಿ ಇಪ್ಪತ್ತಾರು ವರ್ಷವಾದ ಮೇಲೂ ಮಾವನೇ. ಅವಳನ್ನು ಕೂಸಿನಂತೆ ಎತ್ತಿಕೊಂಡು ಹೋಗಿ ಆಟೋದಲ್ಲಿ ಮಲಗಿಸಿದ. ಶಾಲೆಯ ಮಕ್ಕಳು ಊಟ ಬಿಟ್ಟು ನೋಡಿದವು. ಸುಂಕಮ್ಮನಿಗೆ ಸೊಂಟದ ನೋವಿಗಿಂತ ಅದೇ ಹೆಚ್ಚು ನೋವಾಯಿತು.

ನೋವು ಹೊಸದೇನೂ ಆಗಿರಲಿಲ್ಲ. ನಾಲ್ಕು ವರ್ಷದಿಂದ ಸೊಂಟದಲ್ಲಿ ಹುಟ್ಟಿ ಬಲಗಡೆಯ ಕುಂಡಿಯವರೆಗೆ ಇಳಿದು ಕೂತಿತ್ತು. ಹುರಿದ ಉಪ್ಪಿನ ಗಂಟು, ಎಕ್ಕದೆಲೆ, ಅಂಗಡಿಯ ಮುಲಾಮು, ತಿಕ್ಕಿಸಿಕೊಂಡದ್ದು, ತುಳಿಸಿಕೊಂಡದ್ದು ಎಲ್ಲ ಆಗಿತ್ತು. ಬೆಳಿಗ್ಗೆ ಏಳುವಾಗ ಮೊದಲು ಬಲಕ್ಕೆ ಹೊರಳಬೇಕು, ಆಮೇಲೆ ಕೈಯೂರಬೇಕು ಎಂಬುದನ್ನೆಲ್ಲ ಕಲಿತು ಅದರೊಂದಿಗೆ ಬದುಕುತ್ತಿದ್ದಳು. ಆದರೆ ನೋವು ಅವಳನ್ನು ಹೀಗೆ ಹತ್ತು ಜನರೆದುರು ಕೆಡವಿದ್ದು ಇದೇ ಮೊದಲು.

ಖಾಸಗಿ ಡಾಕ್ಟರೊಬ್ಬರು ಸ್ಕ್ಯಾನ್ ಮಾಡಿಸಿ, ಫಿಲ್ಮನ್ನು ಬೆಳಕಿಗೆ ಹಿಡಿದು, ಡಿಸ್ಕ್ ಸವೆದಿದೆ ಎಂದರು. ಬಗ್ಗಬಾರದು, ಭಾರ ಎತ್ತಬಾರದು, ಸೊಂಟಕ್ಕೆ ಬೆಲ್ಟು ಹಾಕಬೇಕು, ಮೂರು ತಿಂಗಳು ವಿಶ್ರಾಂತಿ. ಆಗಲೂ ನೋವು ಹೋಗದಿದ್ದರೆ ಆಪರೇಷನ್. ಕೊನೆಯ ಮಾತು ಕೇಳಿ ಹೊನ್ನೂರುಸ್ವಾಮಿಯ ಮುಖ ಕಪ್ಪಿಟ್ಟಿತು. ಸಂಡೂರಿನಲ್ಲಿ ಅವನ ಅಣ್ಣ ಹುಲಿಗೇಶ್, ಲಾರಿಗೆ ಅದಿರು ತುಂಬುತ್ತಿದ್ದ ಆಳು, ಒಂದು ದಿನ ಸೊಂಟ ಹಿಡಿದು ಮಂಚಕ್ಕೆ ಬಿದ್ದವನು ಆರು ವರ್ಷವಾದರೂ ಸರಿಯಾಗಿ ಎದ್ದಿರಲಿಲ್ಲ. ಸೊಂಟ ಅಂದರೆ ಹೊನ್ನೂರುಸ್ವಾಮಿಗೆ ಕಣ್ಣ ಮುಂದೆ ಬರುತ್ತಿದ್ದದ್ದು ಆ ಮಂಚ.

ಹಾಗಾಗಿ ಅವನು ಹೆಂಡತಿಯನ್ನು ಮಲಗಿಸಿದ. ನಲ್ಲಿ ನೀರು ಬಂದರೆ ಕೊಡ ಹಿಡಿದು ಸಾಲಿನಲ್ಲಿ ನಿಂತ. ಪಾತ್ರೆ ಬೆಳಗಿದ, ಮುಸುರೆ ಎತ್ತಿದ, ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಟೋಗೆ ಹೊರಡುವ ಮುಂಚೆ ಚೊಂಬು, ಮಾತ್ರೆ, ಫೋನು ಎಲ್ಲವನ್ನೂ ಅವಳ ಕೈಗೆಟುಕುವಂತೆ ಇಟ್ಟು ಹೋಗುತ್ತಿದ್ದ. ಮೊದಲ ವಾರ ಸುಂಕಮ್ಮನಿಗೆ ಸುಖವೆನಿಸಿತು. ಎರಡನೆಯ ವಾರ ಸಂಕೋಚವಾಯಿತು. ತಿಂಗಳು ದಾಟುವಷ್ಟರಲ್ಲಿ ತನ್ನ ಮನೆಯಲ್ಲಿ ತಾನೇ ನೆಂಟಳಾಗಿಬಿಟ್ಟಿದ್ದಳು. ನೋವು ಕಡಿಮೆಯಾಯಿತೇ ಎಂದರೆ ಅದೂ ಇಲ್ಲ. ಮೊದಲು ಡಬರಿ ಎತ್ತಿದರೆ ಬರುತ್ತಿದ್ದ ನೋವು ಈಗ ತಾಟಿನ ಮುಂದೆ ಕೂತರೂ ಬರುತ್ತಿತ್ತು. ಬಚ್ಚಲಿಗೆ ಹೋಗಲು ಗೋಡೆ ಬೇಕಾಯಿತು. ಶಾಲೆಯಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಿದ್ದಾಳೆಂದು ಲಲಿತಾ ಹೇಳಿ ಹೋದಳು.

ಸಂಕ್ರಾಂತಿಗೆ ಕಂಪ್ಲಿಯಿಂದ ಮಗಳು ಬಂದಳು. ಅವಳ ಕೂಸಿಗೆ ಆಗ ಎಂಟು ತಿಂಗಳು. ಅದು ಅಂಬೆಗಾಲಿಡುತ್ತ ಅಜ್ಜಿಯ ಹತ್ತಿರ ಬಂದು ಎರಡೂ ಕೈ ಮೇಲೆತ್ತಿತು. ಸುಂಕಮ್ಮ ಬಗ್ಗಿದಳು. ಅಪ್ಪ ಮಗಳು ಇಬ್ಬರೂ ಒಮ್ಮೆಗೇ "ಬ್ಯಾಡಾ!" ಎಂದು ಕೂಗಿಕೊಂಡರು. ಕೂಸು ಬೆದರಿ ಕಿಟಾರನೆ ಚೀರಿತು. ಮಗಳು ಅದನ್ನೆತ್ತಿಕೊಂಡು ಹೊರಗೆ ಹೋದಳು. ಸುಂಕಮ್ಮ ಚಾಚಿದ ಕೈ ಹಿಂತೆಗೆದುಕೊಂಡಳು. ಅಳಲಿಲ್ಲ. ಸಿಟ್ಟು ಬಂತು, ಅದೂ ಯಾರ ಮೇಲೆ ಎಂದು ಗೊತ್ತಾಗದಂಥ ಸಿಟ್ಟು.

ಹಬ್ಬ ಮುಗಿದು ಮಗಳು ಹೋದ ಮಾರನೆಯ ದಿನ, ಗಂಡ ಆಟೋ ತೆಗೆದುಕೊಂಡು ಹೋದ ಮೇಲೆ, ಅವಳು ಬೆಲ್ಟು ಬಿಚ್ಚಿ ಗೂಟಕ್ಕೆ ಹಾಕಿದಳು. ಗಳಿಗೆಗೊಮ್ಮೆ ನಿಲ್ಲುತ್ತ ಮೇನ್ ರೋಡಿನವರೆಗೆ ನಡೆದಳು. ಅಲ್ಲಿ ನಿಂತಿದ್ದ ಆಟೋ ಪರಶುರಾಮನದು, ಗಂಡನ ದೋಸ್ತ.

"ಸರ್ಕಾರಿ ದವಾಖಾನಿಗೆ ಬಿಡಪ್ಪ. ನಿಮ್ಮ ಹೊನ್ನೂರಣ್ಣಗ ಮಾತ್ರ ಹೇಳಬ್ಯಾಡ."

"ಹಂಗೆಂಗಕ್ಕಾ, ನಾಳೆ ನನ್ನ ಮ್ಯಾಲೆ ಬರ್ತಾನ."

"ಹೇಳಿದ್ರ ನಾನು ಬರ್ತೀನಿ ನಿನ್ನ ಮ್ಯಾಲೆ. ನಡಿ."

ಆಸ್ಪತ್ರೆಯಲ್ಲಿ ಅಲ್ಲಿ ಇಲ್ಲಿ ಕಳುಹಿಸಿ ಕೊನೆಗೆ ಮೂಲೆಯ ಒಂದು ಕೋಣೆ ತೋರಿಸಿದರು. ಫಿಸಿಯೋಥೆರಪಿ ಎಂಬ ಬೋರ್ಡಿತ್ತು. ಒಳಗಿದ್ದವಳು ಐಶ್ವರ್ಯ ಎಂಬ ಮರಿಯಮ್ಮನಹಳ್ಳಿಯ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಸುಂಕಮ್ಮ ಸ್ಕ್ಯಾನಿನ ದೊಡ್ಡ ಲಕೋಟೆ ಮುಂದೆ ಚಾಚಿದರೆ ಆ ಹುಡುಗಿ ಅದನ್ನು ಮೇಜಿನ ಮೇಲಿಟ್ಟು, "ಆಮ್ಯಾಲೆ ನೋಡಾಣ್ರಿ. ಮೊದ್ಲು ನಿಮ್ಮನ್ನ ನೋಡ್ತೀನಿ" ಅಂದಳು.

ಹಿಮ್ಮಡಿ ಮೇಲೆ ನಡೆಸಿದಳು, ತುದಿಗಾಲಲ್ಲಿ ನಡೆಸಿದಳು. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಳು. ಕಾಲು ಜೋಮು ಹಿಡಿಯುತ್ತದೆಯೇ, ಉಚ್ಚೆ ಹಿಡಿತ ತಪ್ಪುತ್ತದೆಯೇ, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಮುಚ್ಚುಮರೆಯಿಲ್ಲದೆ ಕೇಳಿದಳು. ಎಲ್ಲ ಸರಿಯಿತ್ತು. ಆಮೇಲೆ ಲಕೋಟೆ ಬಿಚ್ಚಿ ರಿಪೋರ್ಟು ಓದಿದಳು.

"ಇದ್ರಾಗ ಬರೆದಿದ್ದು ಸುಳ್ಳಲ್ಲಮ್ಮ. ಆದ್ರ ನಿಮ್ಮ ವಯಸ್ಸಿನವ್ರಿಗೆ ಸ್ಕ್ಯಾನ್ ಮಾಡಿದ್ರ, ನೋವೇ ಇಲ್ಲದ ಭಾಳ ಮಂದಿಗೆ ಇಂಥದ್ದು ಸಿಗ್ತೈತಿ. ನಿಮ್ಮ ಬೆನ್ನು ಮುರಿದಿಲ್ಲ."

"ಮತ್ತ ನೋವು ಯಾಕೈತಿ? ಸುಳ್ಳು ಹೇಳ್ತೀನೇನು ನಾನು?"

"ನೋವು ಖರೇನೇ. ಒಂದೇ ಕಾರಣ ಹೇಳು ಅಂದ್ರ ನಂಗೂ ಬರಂಗಿಲ್ಲ. ಆದ್ರ ಎರಡು ತಿಂಗಳು ಮಲಗಿ ಇದ್ದಬದ್ದ ಶಕ್ತೀನೂ ಹೋಗೈತಿ. ಅದನ್ನ ವಾಪಸ್ ತರಬೌದು. ನೀವು ಕೆಲಸಕ್ಕ ಏನು ಎತ್ತತಿದ್ರಿ?"

ಸುಂಕಮ್ಮ ಡಬರಿಯ ಸುದ್ದಿ ಹೇಳಿದಳು. ಅನ್ನದ ಹಂಡೆ, ಗ್ಯಾಸ್ ಸಿಲಿಂಡರು, ಐವತ್ತು ಕಿಲೋ ಅಕ್ಕಿ ಚೀಲ ಎಲ್ಲ ಹೇಳಿ, "ಇನ್ನು ಮ್ಯಾಲೆ ಎತ್ತಬಾರ್ದಂತಲ್ಲ" ಎಂದು ತಲೆ ತಗ್ಗಿಸಿದಳು.

"ಇವತ್ತು ಬ್ಯಾಡ. ಆದ್ರ ನಾನು ಎತ್ತಸ್ತೀನಿ. ನಿಮಗ ಡಬರಿ ಎತ್ತೋ ಬೆನ್ನು ಬೇಕು. ಚಮಚ ಎತ್ತೋ ಬೆನ್ನು ತಗೊಂಡು ಏನು ಮಾಡ್ತೀರಿ?"

ಸುಂಕಮ್ಮನಿಗೆ ನಗು ಬಂತು. ನಕ್ಕರೆ ಸೊಂಟ ನೋಯುತ್ತಿತ್ತು, ಆದರೂ ನಕ್ಕಳು.

ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೊತ್ತಿ ಸೊಂಟ ಮೇಲೆತ್ತಬೇಕು, ಎತ್ತಿ ಹತ್ತು ಎಣಿಸಬೇಕು, ನಿಧಾನ ಇಳಿಸಬೇಕು. ಕೇಳಲು ಇದೇನು ಮಹಾ ಅನ್ನಿಸಿತು. ನಾಲ್ಕನೆಯ ಸಲಕ್ಕೆ ತೊಡೆಗಳು ಗಡಗಡ ನಡುಗಿದವು. ಐದನೆಯ ಸಲ ಸೊಂಟ ನೆಲ ಬಿಟ್ಟು ಏಳಲೇ ಇಲ್ಲ. ಒಂಬತ್ತು ವರ್ಷ ಶಾಲೆಯ ಹಂಡೆಗಳನ್ನು ಎತ್ತಿದವಳಿಗೆ ತನ್ನ ಸೊಂಟವನ್ನೇ ಎತ್ತಲು ಬಾರದೆ ಹೋದದ್ದು ನೋಡಿ ನಾಚಿಕೆಯಾಯಿತು. ಐಶ್ವರ್ಯ ಒಂದು ಚೀಟಿಯಲ್ಲಿ ನಾಲ್ಕು ಎಂದು ಬರೆದು ಕೊಟ್ಟಳು. "ಇಲ್ಲಿಂದ ಶುರು. ಸ್ವಲ್ಪ ನೋವು ಬಂದ್ರ ಅಂಜಬ್ಯಾಡ್ರಿ, ಮಾಡ್ರಿ. ಮರುದಿನ ಬೆಳಿಗ್ಗೆನೂ ಹೆಚ್ಚಿದ್ರ ಅವತ್ತು ಕಮ್ಮಿ ಮಾಡ್ರಿ. ಬಿಡಬ್ಯಾಡ್ರಿ."

ದಿನವೂ ಗಂಡ ಹೋದ ಮೇಲೆ ಚಾಪೆ ಹಾಸುವುದು, ಅವನು ಊಟಕ್ಕೆ ಬರುವ ಮುಂಚೆ ಸುತ್ತಿಡುವುದು. ನಾಲ್ಕು ಐದಾಯಿತು, ಏಳಾಯಿತು. ಮಗ್ಗುಲಾಗಿ ಮೊಣಕೈ ಊರಿ ಸೊಂಟ ಎತ್ತುವುದು ಬಂತು. ಅಂಬೆಗಾಲಲ್ಲಿ ನಿಂತು ಬಲಗೈ ಮುಂದೆ, ಎಡಗಾಲು ಹಿಂದೆ ಚಾಚುವುದೊಂದಿತ್ತು. ಮೊದಲ ದಿನ ಅದನ್ನು ಮಾಡಲು ಹೋಗಿ ಆಯ ತಪ್ಪಿ ಜೋಳದ ಡಬ್ಬಿಯ ಮೇಲೆ ಉರುಳಿದಳು. ಡಬ್ಬಿಯ ಸಪ್ಪಳಕ್ಕೆ ಪಕ್ಕದ ಮನೆಯವರು ಏನಾಯಿತೆಂದು ಕೇಳಿದರು. ಬೆಕ್ಕು ಅಂದಳು.

ಮೂರನೆಯ ವಾರ ಹೊನ್ನೂರುಸ್ವಾಮಿ ಮರೆತುಹೋದ ಫೋನಿಗಾಗಿ ಅರ್ಧ ದಾರಿಯಿಂದ ವಾಪಸು ಬಂದ. ಬಾಗಿಲು ತಳ್ಳಿದರೆ ಹೆಂಡತಿ ಸೀರೆ ಕಚ್ಚೆ ಕಟ್ಟಿಕೊಂಡು, ನಾಲ್ಕು ಕಾಲಲ್ಲಿ ನಿಂತು, ಒಂದು ಕಾಲನ್ನು ಹಿಂದಕ್ಕೆ ಚಾಚಿದ್ದಾಳೆ.

"ಲೇ! ಏನ್ ಮಾಡಾಕತ್ತೀ?"

ಸುಂಕಮ್ಮ ಕಾಲು ಇಳಿಸಲಿಲ್ಲ. ಎಂಟು, ಒಂಬತ್ತು, ಹತ್ತು ಎಂದು ಎಣಿಸಿ ಮುಗಿಸಿ, ಆಮೇಲೆ ಚಾಪೆಯ ಮೇಲೆ ಕೂತು ಎಲ್ಲ ಹೇಳಿದಳು. ಅವನು ಕೇಳುತ್ತ ಕೇಳುತ್ತ ಗೂಟದಲ್ಲಿದ್ದ ಬೆಲ್ಟು ತಂದು ಅವಳ ಮುಂದೆ ಹಾಕಿದ.

"ಕಟ್ಟಿಕೋ ಮೊದ್ಲು. ಅಣ್ಣನ್ನ ನೋಡಿಲ್ಲೇನು ನೀನು? ನೀನೂ ಹಂಗ ಆಗ್ಬೇಕಾ?"

"ನಾನೀಗ ಹಂಗೇ ಅದೀನಲ್ಲ ಮಾವ. ಅವನ ಮಂಚ ಸಂಡೂರಾಗೈತಿ, ನಂದು ಇಲ್ಲೈತಿ. ಅಷ್ಟೇ ಫರಕು."

"ನಾನೇನು ಕಮ್ಮಿ ಮಾಡೀನಿ ನಿಂಗ? ನೀರು ತರ್ತೀನಿ, ಪಾತ್ರೆ ತೊಳೀತೀನಿ..."

"ಏನೂ ಕಮ್ಮಿ ಮಾಡಿಲ್ಲ. ಅದೇ ಆಗೈತಿ. ಒಂದು ಚೊಂಬು ಎತ್ತಾಕ ಬಿಡಂಗಿಲ್ಲ ನೀನು. ಕೂಸಿನ್ನ ಮುಟ್ಟಾಕ ಬಿಡ್ಲಿಲ್ಲ."

"ಯಾವಾಕೋ ಒಬ್ಬಾಕಿ ಹುಡುಗಿ ಹೇಳಿದ್ಲಂತ..."

"ಆ ಹುಡುಗಿ ನನ್ನ ಕಾಲು, ಬೆನ್ನು ಮುಟ್ಟಿ ನೋಡಿ ಹೇಳ್ಯಾಳ. ಇಪ್ಪತ್ತಾರು ವರ್ಷ ನಿನ್ನ ಮಾತು ಕೇಳೀನಿ ಮಾವ, ಮುಂದನೂ ಕೇಳ್ತೀನಿ. ಈ ಸೊಂಟದ ಮಾತು ಮಾತ್ರ ಕೇಳಂಗಿಲ್ಲ. ಇದು ನಂದು."

ಎರಡು ದಿನ ಅವನು ಮಾತಾಡಲಿಲ್ಲ. ನೀರನ್ನು ಮಾತ್ರ ತಂದ. ಸುಂಕಮ್ಮ ಇನ್ನು ಕದ್ದು ಮಾಡುವುದನ್ನು ಬಿಟ್ಟಳು. ಅವನಿರುವಾಗಲೇ ಪಡಸಾಲೆಯಲ್ಲಿ ಚಾಪೆ ಹಾಸಿ, ದೊಡ್ಡ ದನಿಯಲ್ಲಿ ಎಣಿಸುತ್ತ ಮಾಡಿದಳು. ಅವನು ಎದ್ದು ಹೊರಗೆ ಹೋಗಿ, ಅವಳ ಎಣಿಕೆ ಮುಗಿಯುವವರೆಗೆ ಆಟೋದಲ್ಲಿ ಕೂತಿರುತ್ತಿದ್ದ.

ಶಿವರಾತ್ರಿ ಹೊತ್ತಿಗೆ ಐಶ್ವರ್ಯ ಭಾರ ಎತ್ತುವುದನ್ನು ಶುರು ಮಾಡಿಸಿದಳು. ಅರ್ಧ ಕೊಡ ನೀರು, ಅದೂ ಸ್ಟೂಲಿನ ಮೇಲಿಂದ. ಕುಂಡಿ ಹಿಂದಕ್ಕೆ ತಳ್ಳಿ, ಕೊಡವನ್ನು ಮೈಗೆ ಹತ್ತಿರ ಎಳೆದುಕೊಂಡು, ಕಾಲಿನ ಬಲದಲ್ಲಿ ಏಳುವುದು. ಸುಂಕಮ್ಮನಿಗೆ ಉಮೇದು ಬಂತು. ಒಂದು ಬೆಳಿಗ್ಗೆ ಮೈ ಹಗುರವಾಗಿದೆ ಅನ್ನಿಸಿ, ತುಂಬಿದ ಕೊಡವನ್ನು ನೆಲದಿಂದಲೇ ಎತ್ತಿದಳು. ಒಂದಲ್ಲ, ಐದು ಸಲ. ಮಾರನೆಯ ದಿನ ಎದ್ದರೆ ಸೊಂಟ ಮತ್ತೆ ಕಟ್ಟಿಗೆ.

ಆ ದಿನ ಅವಳಿಗೆ ನಿಜವಾಗಿ ಭಯವಾಯಿತು. ಇಷ್ಟು ದಿನದ್ದೆಲ್ಲ ನೀರಿಗೆ ಹೋಯಿತು ಅಂದುಕೊಂಡಳು. ಗೂಟದ ಬೆಲ್ಟಿನ ಕಡೆಗೆ ಎರಡು ಸಲ ನೋಡಿದಳು. ಕೊನೆಗೆ ಫೋನು ಮಾಡಿದರೆ ಐಶ್ವರ್ಯ ಅವೇ ಪ್ರಶ್ನೆ ಕೇಳಿದಳು: ಜೋಮು ಇದೆಯೇ, ಕಾಲು ಸೋತಿದೆಯೇ? ಇಲ್ಲ. "ಹಂಗಾದ್ರ ಕೆಟ್ಟಿದ್ದೇನಿಲ್ಲ, ಅವಸರ ಮಾಡೀರಿ ಅಷ್ಟ. ಎಲ್ಲಾ ಅರ್ಧಕ್ಕ ಇಳಸ್ರಿ. ಓಣಿಯಾಗ ಸಾವಕಾಶ ಅಡ್ಡಾಡ್ರಿ. ಮಲಗಿದ್ರ ಮಾತ್ರ ನಾನು ಬಯ್ತೀನಿ."

ಹೊನ್ನೂರುಸ್ವಾಮಿ "ನಾ ಹೇಳಿದ್ನಲ್ಲ" ಎನ್ನಲಿಲ್ಲ. ನಾಲ್ಕು ದಿನ ಕಾದು, ಅವಳು ಸ್ವಲ್ಪ ಸುಧಾರಿಸಿದ ಮೇಲೆ, "ನಡಿ, ಸಂಡೂರಿಗೆ ಹೋಗಿ ಬರಾನು. ಅಣ್ಣನ ಬಾಯಿಲೇ ಕೇಳು" ಅಂದ. ಆಟೋ ಕುಲುಕುತ್ತದೆಂದು ಬಸ್ಸಿನಲ್ಲಿ ಕರೆದುಕೊಂಡು ಹೋದ. ಗುಡ್ಡದ ದಾರಿಯುದ್ದಕ್ಕೂ ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳಿತು. ಪ್ರತಿ ತಗ್ಗಿಗೂ ಅವನು ಅವಳ ಮುಖ ನೋಡುತ್ತಿದ್ದ. ಅವಳು ಹಲ್ಲು ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಹುಲಿಗೇಶ್ ಒಬ್ಬನೇ ಮನೆಯಲ್ಲಿದ್ದ. ಹೆಂಡತಿ ಕೂಲಿಗೆ ಹೋಗಿದ್ದಳು. ಒಂದು ಕಾಲಕ್ಕೆ ಬಾಗಿಲು ತುಂಬುವಂಥ ಆಳು. ಈಗ ಲುಂಗಿಯೊಳಗಿನ ಕಾಲುಗಳು ಮಕ್ಕಳ ಕಾಲಿನ ಹಾಗಿದ್ದವು. ದಿಂಬಿಗೊರಗಿ ತಮ್ಮನ ದೂರನ್ನೆಲ್ಲ ಕೇಳಿಸಿಕೊಂಡ.

"ನೀನೇ ಹೇಳಣ್ಣ ಇಕಿಗೆ. ನನ್ನ ಮಾತು ಕೇಳವಲ್ಲಳು."

ಹುಲಿಗೇಶ್ ಅವಳ ಕಡೆ ತಿರುಗಿದ. "ಅದೇನು ಮಾಡ್ತೀಯವ್ವ, ತೋರ್ಸು ನೋಡಾನು."

ಇಬ್ಬರು ಗಂಡಸರ ಮುಂದೆ ಸುಂಕಮ್ಮನಿಗೆ ಹಿಂಜರಿಕೆಯಾಯಿತು. ಆದರೆ ಇಷ್ಟು ದೂರ ಬಂದದ್ದು ತೋರಿಸಿಯೇ ಹೋಗಲು ಅಂದುಕೊಂಡು, ಸೆರಗು ಬಿಗಿದು, ನೆಲದ ಮೇಲೆ ಅಂಬೆಗಾಲಲ್ಲಿ ನಿಂತು ಕೈ ಕಾಲು ಚಾಚಿದಳು. ನೋವಿತ್ತು. ಹತ್ತು ಎಣಿಸಿದಳು. ಬದಲಿಸಿ ಮತ್ತೆ ಹತ್ತು. ಕಂಪಿಸಲಿಲ್ಲ. ಎದ್ದು ನಿಂತಾಗ ಮುಖದ ಮೇಲೆ ಬೆವರಿತ್ತು.

"ಎಷ್ಟು ದಿನ ಆತು?"

"ಎರಡು ತಿಂಗಳು ಆಗಾಕ ಬಂತು, ದೊಡ್ಡ ಮಾವ. ಮೊದ್ಲು ನೆಲದಿಂದ ಏಳಾಕ ಗೋಡೆ ಬೇಕಿತ್ತು. ಈ ವಾರ ಕೊಡ ಎತ್ತಿ ಕೆಡಿಸಿಕೊಂಡೀನಿ. ಆದ್ರೂ ಗೋಡೆ ಬೇಕಾಗಿಲ್ಲ."

ಹುಲಿಗೇಶ್ ಲುಂಗಿ ಸರಿಸಿ ತನ್ನ ಕಾಲುಗಳನ್ನು ನೋಡಿಕೊಂಡ. ಆಮೇಲೆ ಮಾತಾಡಿದ್ದು ತಮ್ಮನೊಂದಿಗೆ.

"ನಂಗ ಯಾರೂ ಏಳು ಅನ್ನಲಿಲ್ಲ ಹೊನ್ನೂರ. ಎಲ್ಲಾರೂ ಏಳಬ್ಯಾಡ ಅಂದ್ರು. ನೀನೂ ಅಂದಿ. ಬಂದಾಗೊಮ್ಮೆ ನನ್ನ ಕಾಲು ಹಿಡಿದು ಮ್ಯಾಲಿಟ್ಟು, ಮಲಗಣ್ಣ ಮಲಗು ಅಂದಿ. ಜೀವದಿಂದನೇ ಅಂದಿ, ನಂಗೊತ್ತು. ಮಲಗಿದ್ರ ನೋವು ಕಮ್ಮಿ ಇರ್ತಿತ್ತು, ನಾನೂ ಮಲಗಿದೆ. ಒಂದಿನ ಏಳಾನು ಅಂದ್ರ ಕಾಲೇ ಇರ್ಲಿಲ್ಲ."

ಹೊನ್ನೂರುಸ್ವಾಮಿ ಮಂಚದ ಅಂಚಿನಲ್ಲಿ ಕೂತು ಅಣ್ಣನ ಕಾಲು ಮುಟ್ಟಿದ.

"ಇಕಿನ್ನ ತಡಿಬ್ಯಾಡ" ಎಂದ ಅಣ್ಣ.

ವಾಪಸು ಬರುವಾಗ, ಊರು ಸಮೀಪಿಸುತ್ತಿದ್ದಂತೆ, ಹೊನ್ನೂರುಸ್ವಾಮಿ ಮುಂದಿನ ಸೀಟಿನ ಕಬ್ಬಿಣ ಹಿಡಿದು, "ಆ ಡಾಕ್ಟ್ರಮ್ಮ ಅಣ್ಣನ್ನ ನೋಡ್ತಾಳೇನು?" ಅಂದ. ಸುಂಕಮ್ಮ ಅವನ ಕೈಯ ಮೇಲೆ ಕೈಯಿಟ್ಟಳು. "ನೋಡ್ತಾಳ. ಕರ್ಕೊಂಡು ಬಾ." ಹದಿನೈದು ದಿನದ ಮೇಲೆ ಅವನು ಕರೆತಂದದ್ದೂ ಹೌದು. ಹುಲಿಗೇಶ್ ಗುಣವಾಗುವ ದಾರಿ ದೂರದ್ದಿತ್ತು, ಐಶ್ವರ್ಯ ಅದನ್ನು ಮುಚ್ಚಿಡಲಿಲ್ಲ. ಆದರೆ ಮಳೆಗಾಲದ ಹೊತ್ತಿಗೆ ಅವನು ಎರಡು ಕೋಲು ಹಿಡಿದು ತನ್ನ ಮನೆಯ ಬಾಗಿಲವರೆಗೆ ಬಂದು ನಿಲ್ಲುತ್ತಿದ್ದ.

ಸಂಡೂರಿನಿಂದ ಬಂದ ವಾರ ಹೊನ್ನೂರುಸ್ವಾಮಿ ಪೇಂಟಿನ ಎರಡು ಖಾಲಿ ಬಕೆಟ್ಟು ತಂದ. ಅಂಗಡಿಯ ತಕ್ಕಡಿಯಲ್ಲಿ ತೂಗಿ ಮರಳು ತುಂಬಿದ. ಮೊದಲು ಐದೈದು ಕಿಲೋ, ಎರಡು ವಾರಕ್ಕೊಮ್ಮೆ ಒಂದೊಂದು ಕಿಲೋ ಹೆಚ್ಚು. ಸುಂಕಮ್ಮ ಅವಸರ ಮಾಡಿದರೆ, "ಇವತ್ತು ಏಳೇ ಸಲ. ಎಂಟನೇದು ನಾಳಿಗೆ" ಎಂದು ಬಕೆಟ್ಟು ಕಸಿದುಕೊಳ್ಳುತ್ತಿದ್ದ. ಏಪ್ರಿಲ್ ಬಿಸಿಲಿಗೆ ಮನೆಯ ತಗಡು ಕಾದು ಬೆಂಕಿಯಾಗುತ್ತಿತ್ತು. ಬೆಳಿಗ್ಗೆ ಆರಕ್ಕೇ ಎದ್ದು ಅಂಗಳದಲ್ಲಿ ಬಕೆಟ್ಟು ಎತ್ತುವ ಹೆಂಗಸನ್ನು ನೋಡಲು ಓಣಿಯವರು ನಲ್ಲಿಯ ಹತ್ತಿರ ತಡೆದು ನಿಲ್ಲುತ್ತಿದ್ದರು. "ಕುಸ್ತಿಗೆ ಹೊಂಟಾಳ" ಎಂದು ನಕ್ಕರು. ಸುಂಕಮ್ಮ, "ಬರ್ರಿ, ಜೋಡಿ ಬೇಕು" ಅಂದಳು.

ಮೇ ಕೊನೆಗೆ, ಜೂನಿನಿಂದ ಬಿಸಿಯೂಟ ಯಾರು ಮಾಡಬೇಕೆಂದು ತೀರ್ಮಾನಿಸಲು, ಶಾಲೆಯಲ್ಲಿ ಸಭೆ ಕರೆದಿದ್ದರು. ಹೆಡ್‌ಮಾಸ್ಟರ್ ಗಾದಿಲಿಂಗಪ್ಪ ಒಳ್ಳೆಯವರು, ಆದರೆ ಯಾರು ಜೋರಾಗಿ ಮಾತಾಡಿದರೆ ಅವರ ಕಡೆ ವಾಲುವವರು. ಜೋರು ಮಾತಿನವನು ಶಾಲಾ ಸಮಿತಿಯ ಅಧ್ಯಕ್ಷ, ಕಿರಾಣಿ ಅಂಗಡಿಯ ತೋಟಪ್ಪ. ಸುಂಕಮ್ಮನ ಜಾಗದಲ್ಲಿ ಡಿಸೆಂಬರಿನಿಂದ ಅಡುಗೆ ಮಾಡುತ್ತಿದ್ದವಳು ಅವನ ದೊಡ್ಡಪ್ಪನ ಮಗಳು ಗಂಗಾಂಬಿಕಾ.

"ಸುಂಕಮ್ಮ, ನಿನ್ನ ಮ್ಯಾಲೆ ನಂದೇನು ಸಿಟ್ಟಿಲ್ಲ" ಎಂದ ತೋಟಪ್ಪ. "ಆದ್ರ ಸೊಂಟ ಹೋದಾಕಿನ್ನ ತಂದು ನಿಲ್ಸಿ, ನಾಳೆ ಕುದಿಯೋ ಸಾರು ಮಕ್ಕಳ ಮ್ಯಾಲೆ ಚೆಲ್ಲಿದ್ರ ಯಾರು ಜವಾಬ್ದಾರಿ?"

ತಾಯಂದಿರು ಕೆಲವರು ಹೌದೆಂದು ತಲೆದೂಗಿದರು. ಸುಂಕಮ್ಮ ತಾನು ಕೆಲಸ ಮಾಡಬಹುದೆಂದು ಬರೆದಿದ್ದ ಆಸ್ಪತ್ರೆಯ ಕಾಗದ ಕೊಟ್ಟಳು. ತೋಟಪ್ಪ ಅದನ್ನು ಓದಿ ಮೇಜಿನ ಮೇಲಿಟ್ಟ.

"ಕಾಗದ ಯಾರು ಬೇಕಾದ್ರೂ ಕೊಡ್ತಾರ. ಅಗಾ ಅಲ್ಲಿ ಅಕ್ಕಿ ಚೀಲ ಐತಿ. ಒಬ್ಬಾಕಿನೇ ಎತ್ತಿ ಈ ಮೇಜಿನ ಮ್ಯಾಲೆ ಇಡು. ಜೂನಿಂದ ನೀನೇ ಬಾ ಕೆಲಸಕ್ಕ, ನಾನೇ ಸಹಿ ಹಾಕ್ತೀನಿ."

ಸುಂಕಮ್ಮ ಚೀಲದ ಹತ್ತಿರ ಹೋದಳು. ಐವತ್ತು ಕಿಲೋ. ಹಿಂದೆ ಎಷ್ಟು ಸಲ ಎತ್ತಿ ಬೆನ್ನಿಗೆ ಹಾಕಿಕೊಂಡಿದ್ದಳೋ! ಚೀಲದ ಬಾಯಿ ಮೇಲೆ ಕೈಯಿಟ್ಟಾಗ ಹಳೆಯ ಹಟ ಮೈಯಲ್ಲೆಲ್ಲ ಏರಿತು. ಎತ್ತಿಬಿಡಲೇ, ಇವರ ಬಾಯಿ ಮುಚ್ಚಿಸಲೇ? ಬಾಗಿಲಲ್ಲಿ ನಿಂತಿದ್ದ ಹೊನ್ನೂರುಸ್ವಾಮಿ ಉಸಿರು ಬಿಗಿಹಿಡಿದಿದ್ದ, ಆದರೆ ಬ್ಯಾಡ ಎಂದು ಕೂಗಲಿಲ್ಲ. ಅವಳು ಕೈ ತೆಗೆದಳು.

"ಎತ್ತಂಗಿಲ್ಲ."

"ನಂಗೊತ್ತಿತ್ತು" ಎಂದು ತೋಟಪ್ಪ ನಕ್ಕ.

"ಆಗಂಗಿಲ್ಲ ಅಂತಲ್ಲ ಸಾವ್ಕಾರ್ರೇ, ಎತ್ತಂಗಿಲ್ಲ ಅಂತ. ಒಂಬತ್ತು ವರ್ಷ ಇದನ್ನ ಒಬ್ಬಾಕೇ ಎತ್ತೀನಿ. ಆಗ ಯಾರೂ ಪರೀಕ್ಷೆ ಇಡ್ಲಿಲ್ಲ, ಯಾರೂ ಬಂದು ಒಂದು ಮೂಲಿ ಹಿಡಿಲಿಲ್ಲ. ಇದು ಒಬ್ರು ಎತ್ತೋದಲ್ಲ, ಇಬ್ರು ಎತ್ತೋದು. ನಾನು ಬಂದ್ರೂ ಅಷ್ಟೇ, ನಿಮ್ಮ ತಂಗಿ ಇದ್ರೂ ಅಷ್ಟೇ. ನನ್ನ ಕೆಲಸ ನೋಡ್ಬೇಕಾ, ಕೆಲಸ ನೋಡ್ರಿ."

ಮೂಲೆಯಲ್ಲಿ ಕುಡಿಯುವ ನೀರಿನ ಇಪ್ಪತ್ತು ಲೀಟರಿನ ತುಂಬಿದ ಕ್ಯಾನಿತ್ತು. ಸುಂಕಮ್ಮ ಅದರ ಮುಂದೆ ಕಾಲು ಅಗಲಿಸಿ ನಿಂತು, ಕುಂಡಿ ಹಿಂದಕ್ಕೆ ತಳ್ಳಿ, ಕ್ಯಾನನ್ನು ಮೈಗೆಳೆದುಕೊಂಡು ಎದ್ದಳು. ಮೇಜಿನ ಮೇಲೆ ತೋಟಪ್ಪನ ಮುಂದಿಟ್ಟಳು. ಇಳಿಸಿದಳು. ಮತ್ತೆ ಎತ್ತಿದಳು. "ಒಂದು, ಎರಡು" ಎಂದು, ಅಂಗಳದಲ್ಲಿ ಎಣಿಸುತ್ತಿದ್ದಂತೆಯೇ ಎಣಿಸಿದಳು. ಎಂಟಕ್ಕೆ ನಿಲ್ಲಿಸಿದಳು. ಏದುಸಿರಿತ್ತು, ಮುಖದಲ್ಲಿ ನೋವಿರಲಿಲ್ಲ.

"ಇಷ್ಟು ಎತ್ತತೀನಿ ದಿನಾ. ಸಾರು ಎರಡು ಡಬರಿಯಾಗ ಮಾಡ್ತೀನಿ, ಅದನ್ನೂ ಇಬ್ರು ಇಳಸ್ತೀವಿ. ಒಲಿಗೆ ಸೊಂಟದೆತ್ತರಕ್ಕ ಕಟ್ಟೆ ಕಟ್ಟಿಸ್ರಿ. ಬಗ್ಗಿ ಬಗ್ಗಿ ಕುದಿಯೋ ಸಾರು ಇಳಿಸಿದ್ರನೇ ಮಕ್ಕಳ ಮ್ಯಾಲೆ ಚೆಲ್ಲೋದು."

ತೋಟಪ್ಪ ಹೆಡ್‌ಮಾಸ್ಟರ ಮುಖ ನೋಡಿದ. ಹೆಡ್‌ಮಾಸ್ಟರು ಕಾಗದ ನೋಡಿದರು. ಆಗ ಗೋಡೆಗೆ ಆತು ನಿಂತಿದ್ದ ಗಂಗಾಂಬಿಕಾ ಮಾತಾಡಿದಳು.

"ಅಣ್ಣ, ನಂಗೂ ಫೆಬ್ರವರಿಯಿಂದ ಸೊಂಟ ನೋಯಾಕತ್ತೈತಿ. ನೀನು ಬೈತೀಯಂತ ಹೇಳಿಲ್ಲ. ಈ ಚೀಲ ಎತ್ತಿ ಎತ್ತಿ ನಂಗ ಸಾಕಾಗೈತಿ. ನಂಗ ಬ್ಯಾಡಪ್ಪ, ಮನ್ಯಾಗಿನ ನನ್ನ ಹೊಲಿಗಿ ಮಿಷನ್ನೇ ಚಲೋ."

ಯಾರೋ ಕಿಸಕ್ಕನೆ ನಕ್ಕರು. ಲಲಿತಾ ಮುಂದೆ ಬಂದು, ಸುಂಕಮ್ಮನಿಗೆ ಕಣ್ಸನ್ನೆ ಮಾಡಿ ಚೀಲದ ಒಂದು ಬದಿ ಹಿಡಿದಳು. ಇಬ್ಬರೂ ಸೇರಿ ಅದನ್ನೆತ್ತಿ ಮೇಜಿನ ಮೇಲೆ ಧೊಪ್ಪೆಂದು ಇಟ್ಟರು. ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು, ಜೂನ್ ಮೊದಲ ದಿನದಿಂದ ಸುಂಕಮ್ಮನವರೇ ಬರಲಿ ಎಂದು ಬರೆದುಕೊಂಡರು. ತೋಟಪ್ಪ ಸಹಿ ಹಾಕಿದ, ಮುಖ ಗಂಟಿಕ್ಕಿಕೊಂಡೇ.

ಕಟ್ಟೆಯ ಮಾತು ಮಾತಿನಲ್ಲೇ ಉಳಿಯಿತು. ಶಾಲೆ ಶುರುವಾದಾಗಲೂ ಒಲೆಗಳು ನೆಲದ ಮೇಲೆಯೇ ಇದ್ದವು. ಸುಂಕಮ್ಮ ದೊಡ್ಡ ಡಬರಿಯನ್ನು ಮುಟ್ಟಲಿಲ್ಲ. ಸಾರನ್ನು ನಾಲ್ಕು ಸಣ್ಣ ಪಾತ್ರೆಯಲ್ಲಿ, ಒಂದಾದ ಮೇಲೊಂದು ಮಾಡಿದಳು. ಊಟದ ಬೆಲ್ಲು ಇಪ್ಪತ್ತು ನಿಮಿಷ ತಡವಾಯಿತು. ಮಾರನೆಯ ದಿನವೂ ತಡ, ಅದರ ಮಾರನೆಯ ದಿನವೂ. ಗಾದಿಲಿಂಗಪ್ಪ ಬಂದು, "ಏನಮ್ಮ ಇದು, ಪಾಠದ ಟೈಮೆಲ್ಲಾ ಹೋಗ್ತೈತಿ" ಎಂದರೆ, "ಕಟ್ಟೆ ಇಲ್ಲಲ್ರಿ ಸಾರ್" ಎಂದು ಸೌಟು ತಿರುಗಿಸುತ್ತಿದ್ದಳು. ಒಂಬತ್ತನೆಯ ದಿನ ಗೌಂಡಿ ಎರ್ರಿಯಪ್ಪ ಇಟ್ಟಿಗೆ, ಸಿಮೆಂಟು ಹೇರಿಕೊಂಡು ಬಂದ. ಎಷ್ಟೆತ್ತರ ಬೇಕೆಂದು ಕೇಳಿದ. ಸುಂಕಮ್ಮ ಗೋಡೆಗೆ ಒತ್ತಿ ನಿಂತು ಸೊಂಟದ ಹತ್ತಿರ ಮಸಿಯಲ್ಲಿ ಗೆರೆ ಎಳೆದು ತೋರಿಸಿದಳು.

ನೋವು ಪೂರ್ತಿ ಹೋಯಿತು ಎಂದರೆ ಸುಳ್ಳಾದೀತು. ಆಗಸ್ಟಿನಲ್ಲಿ ಸ್ವಾತಂತ್ರ್ಯ ದಿನದ ಸಿಹಿಯೂಟ ಮಾಡಿದ ಮಾರನೆಯ ಸಂಜೆ, ಅದು ಮತ್ತೆ ಬಂತು. ಶಾಲೆಯ ಗೇಟಿನ ಮುಂದೆ ಹೊನ್ನೂರುಸ್ವಾಮಿ ಆಟೋ ನಿಲ್ಲಿಸಿದ್ದ; ಹಿಂದೆ ಇಬ್ಬರು ಪ್ಯಾಸೆಂಜರಿದ್ದರು.

"ನೋವೈತಾ?" ಅವಳ ನಡಿಗೆ ನೋಡಿ ಕೇಳಿದ.

"ಐತಿ."

"ಕುಂದ್ರು ಮತ್ತ."

"ನಡೀತೀನಿ. ನಡೆದ್ರ ಸಡ್ಲಾಗ್ತೈತಿ."

ಅವಳು ಬುತ್ತಿ ಚೀಲವನ್ನು ಹೆಗಲಿಗೇರಿಸಿ ರಸ್ತೆಯ ಅಂಚಿನಲ್ಲಿ ಹೊರಟಳು. ಅವನು ಆಟೋವನ್ನು ಮೊದಲನೇ ಗೇರಿನಲ್ಲಿ ಅವಳ ಪಕ್ಕದಲ್ಲೇ ಬಿಟ್ಟುಕೊಂಡು ಬಂದ. ಹಿಂದಿನ ಬೈಕಿನವರು ಹಾರ್ನ್ ಒತ್ತಿದರು. ಪ್ಯಾಸೆಂಜರೊಬ್ಬ, "ಏನ್ರೀ, ನಮಗ ಬಸ್ಸು ತಪ್ತೈತಿ" ಎಂದು ಗೊಣಗಿದ.

"ಹೋಗು ಮಾವ, ಅವರನ್ನ ಬಿಟ್ಟು ಬಾ" ಎಂದಳು ಸುಂಕಮ್ಮ, ತಿರುಗಿ ನೋಡದೆ. "ನೀನು ಬರೋದ್ರಾಗ ನಾನು ಮನಿ ಮುಟ್ಟಿರ್ತೀನಿ."